ಜೈಲಿನ ಬಾಗಿಲಿನಿಂದ ಹತ್ತು ನಿಮಿಷ

ಲಾಸ್ ಏಂಜಲೀಸ್ ನೋಡಲು ಹೋದವರು ಸಾಮಾನ್ಯವಾಗಿ ಪಶ್ಚಿಮಕ್ಕೆ ಹೋಗುತ್ತಾರೆ. ಹಾಲಿವುಡ್, ಬೆವರ್ಲಿ ಹಿಲ್ಸ್, ಸಾಂಟಾ ಮೋನಿಕಾದ ಕಡಲತೀರ ಎಲ್ಲ ಇರುವುದು ಆ ಕಡೆಗೇ. ನಾನು ನೋಡಬೇಕೆಂದುಕೊಂಡಿದ್ದ ಜಾಗಗಳು ನಗರಕೇಂದ್ರದ ಪೂರ್ವದ ಅಂಚಿನಲ್ಲಿ, ಅಲಮೀಡಾ ಎಂಬ ರಸ್ತೆಯ ಎಡಬಲಕ್ಕೆ ಇದ್ದವು. ಉತ್ತರಕ್ಕೆ ಕೌಂಟಿ ಜೈಲು. ಅದರ ಹತ್ತಿರವೇ ಜೈಲಿನಿಂದ ಬಂದವರು ನಡೆಸುವ ಒಂದು ಬೇಕರಿ. ಸ್ವಲ್ಪ ಕೆಳಗೆ, ಪೆಂಟೆಕೋಸ್ಟಲ್ ಸಭೆಗಳು ತಮ್ಮ ತವರೆಂದು ನೆನೆಯುವ ಒಂದು ಗಲ್ಲಿ. ಅದನ್ನೂ ದಾಟಿದರೆ ಸ್ಕಿಡ್ ರೋ, ಮನೆಯಿಲ್ಲದವರ ಬೀದಿಗಳು. ಇಷ್ಟೂ ನಾಲ್ಕು ಕಿಲೋಮೀಟರಿನೊಳಗೆ. ನಾನು ಉಳಿದುಕೊಂಡಿದ್ದು ಗೆಳತಿಯ ತಮ್ಮನ ಮನೆಯಲ್ಲಿ. ಊರ ಹೊರವಲಯದಲ್ಲಿ ಸಾಫ್ಟ್‌ವೇರ್ ಕೆಲಸ ಅವನದು. ನನ್ನ ಪಟ್ಟಿ ನೋಡಿ, "ಅಕ್ಕಾ, ಆ ಕಡೆ ಒಬ್ರೇ ಹೋಗ್ಬೇಡಿ, ರಜ ಹಾಕಿ ನಾನೂ ಬರ್ತೀನಿ" ಎಂದ. ಅಷ್ಟು ವರ್ಷ ಅಲ್ಲಿದ್ದೂ ಅವನು ಆ ಬೀದಿಗಳಲ್ಲಿ ಕಾಲಿಟ್ಟವನಲ್ಲ.

ಜೈಲಿರುವ ಬೀದಿಯ ಹೆಸರು ಬೋಶೇ. 1963ರಲ್ಲಿ ಕಟ್ಟಿದ ಮೆನ್ಸ್ ಸೆಂಟ್ರಲ್ ಜೈಲು ಒಂದು ಮಗ್ಗುಲಿಗೆ, 1997ರಲ್ಲಿ ತೆರೆದ ಜೋಡಿ ಗೋಪುರಗಳ ಜೈಲು ಇನ್ನೊಂದು ಮಗ್ಗುಲಿಗೆ. ಗೋಡೆಗಳಲ್ಲಿ ಕಿಟಕಿಯೆಂಬ ಹೆಸರಿಗೆ ಉದ್ದುದ್ದ ಸೀಳುಗಳು. ಸುತ್ತಮುತ್ತ ಜಾಮೀನು ಕೊಡಿಸುವ ಅಂಗಡಿಗಳ ಬೋರ್ಡುಗಳು. ಇಲ್ಲಿ ಬಿಡುಗಡೆಗೆ ಹೊತ್ತುಗೊತ್ತಿಲ್ಲ. ಕಾಗದಪತ್ರ ಮುಗಿದಾಗ ಬಾಗಿಲು ತೆರೆಯುತ್ತದೆ, ಅದು ನಡುರಾತ್ರಿಯಾದರೂ ಸರಿ. ನಾವು ನಿಂತಿದ್ದಾಗ ಇಬ್ಬರು ಹೊರಬಂದರು. ಒಬ್ಬನನ್ನು ಕರೆದೊಯ್ಯಲು ಕಾರೊಂದು ಬಂದಿತ್ತು. ಇನ್ನೊಬ್ಬ ತನ್ನ ಸಾಮಾನಿನ ಪ್ಲಾಸ್ಟಿಕ್ ಚೀಲ ಹಿಡಿದು, ಆ ಕಾರು ತಿರುವು ದಾಟುವವರೆಗೂ ನೋಡಿ, ಎತ್ತ ಹೋಗಲೆಂದು ತಿಳಿಯದೆ ಕಾಲುದಾರಿಯ ಮೇಲೆ ನಿಂತ. ಪರಪ್ಪನ ಅಗ್ರಹಾರದ ಗೇಟಿನ ಮುಂದೆ ಸಂಜೆ ಹೊತ್ತು ಕಾಯುವ ತಾಯಂದಿರನ್ನು ನಾನು ನೋಡಿದ್ದೇನೆ. ಮಗ ಹೊರಬಂದ ಕೂಡಲೇ ಬೈಯುತ್ತಾರೆ, ಆಮೇಲೆ ಅಳುತ್ತಾರೆ. ಹಾಗೆ ಬೈಯುವವರೂ ಇಲ್ಲದೆ ಹೊರಬರುವುದು ಏನೆಂಬುದು ಅವನ ನಿಲುವಿನಲ್ಲಿತ್ತು.

ಕ್ಯಾಲಿಫೋರ್ನಿಯಾದ ರಾಜ್ಯ ಸೆರೆಮನೆಗಳಲ್ಲಿ ಶಿಕ್ಷೆ ಮುಗಿಸಿದವರಿಗೆ ಹೊರಡುವಾಗ 200 ಡಾಲರ್ ಕೈಗಿಡುತ್ತಾರೆ. 1970ರ ದಶಕದಲ್ಲಿ ಗೊತ್ತುಮಾಡಿದ ಮೊತ್ತ ಅದು. ಇವತ್ತಿಗೆ ಒಂದೆರಡು ರಾತ್ರಿಯ ಅಗ್ಗದ ಹೋಟೆಲ್ ರೂಮಿಗೆ ಸರಿಹೋಗುತ್ತದೆ. ಕೌಂಟಿ ಜೈಲಿನಿಂದ ಬಂದವರಿಗೆ ಅದೂ ಇಲ್ಲ. ಮುಂದಿನ ದಾರಿ ಕಾಲು ಕರೆದುಕೊಂಡು ಹೋದತ್ತ. ಒಂದು ಕಡೆಗೆ ಹತ್ತು ನಿಮಿಷ ನಡೆದರೆ ಬೇಕರಿ, ಇನ್ನೊಂದು ಕಡೆಗೆ ಮುಕ್ಕಾಲು ಗಂಟೆ ನಡೆದರೆ ಸ್ಕಿಡ್ ರೋ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಕಡೆಯ ದಿನದ ನ್ಯಾಯತೀರ್ಪಿನ ಮಾತು ಬರುತ್ತದೆ. ಹಸಿದವರಿಗೆ ಉಣಿಸಿದಿರಾ, ಪರದೇಶಿಗೆ ನೆಲೆ ಕೊಟ್ಟಿರಾ, ಸೆರೆಯಲ್ಲಿದ್ದವರನ್ನು ನೋಡಿಬಂದಿರಾ ಎಂದು ಅಲ್ಲಿ ಲೆಕ್ಕ ಕೇಳಲಾಗುತ್ತದೆ. ಕೈದಿಗಳ ನಡುವೆ ಕೆಲಸ ಮಾಡುವ ಕ್ರೈಸ್ತರೆಲ್ಲ ಮತ್ತೆ ಮತ್ತೆ ಮರಳುವ ಅಧ್ಯಾಯ ಅದು. ಸೆರೆಯಿಂದ ಹೊರಬಂದವನ ಮರುದಿನದ ಬೆಳಗಿನ ಬಗ್ಗೆ ಅದರಲ್ಲಿ ಪ್ರತ್ಯೇಕವಾಗಿ ಏನೂ ಇಲ್ಲ. ಬೋಶೇ ಬೀದಿಯಲ್ಲಿ ನಿಂತಾಗ ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿ ಕಂಡದ್ದು ಆ ಬೆಳಗು.

ಬೇಕರಿಯ ಹೆಸರು ಹೋಮ್‌ಬಾಯ್. ಅಲಮೀಡಾ ಮತ್ತು ಬ್ರೂನೊ ಬೀದಿಗಳು ಕೂಡುವಲ್ಲಿ, ಚೈನಾಟೌನಿನ ಅಂಚಿನಲ್ಲಿ ಅವರ ಕಟ್ಟಡ. ಒಳಗೆ ಹೋದರೆ ಮೊದಲು ಬರುವುದು ಬ್ರೆಡ್ಡಿನ ಪರಿಮಳ, ಆಮೇಲೆ ಜನರ ಗದ್ದಲ. ಒಂದು ಪಕ್ಕಕ್ಕೆ ಹೋಮ್‌ಗರ್ಲ್ ಕೆಫೆ. ಜೈಲು ಕಂಡು ಬಂದ ಹೆಣ್ಣುಮಕ್ಕಳು ಅಡುಗೆ ಮಾಡಿ ಬಡಿಸುತ್ತಾರೆ. ಬೆಳಗಿನ ಸಭೆಗೆ ಎಲ್ಲರೂ ಮುಂದಿನ ಹಜಾರದಲ್ಲಿ ಸೇರುತ್ತಾರೆ. ಅವತ್ತಿನ ವಿಚಾರವನ್ನು ಅವರಲ್ಲೇ ಒಬ್ಬರು ಹೇಳುತ್ತಾರೆ, ಪ್ರಾರ್ಥನೆಯಾಗುತ್ತದೆ, ಎಲ್ಲರೂ ಕೆಲಸಕ್ಕೆ ಚದುರುತ್ತಾರೆ. ನಾವು ಹೋದ ದಿನ ಮಾತಾಡಿದ ಹೆಂಗಸಿಗೆ ಅಂದು ಮಕ್ಕಳನ್ನು ಮರಳಿ ಪಡೆಯುವ ಕೋರ್ಟು ವಿಚಾರಣೆಯಿತ್ತು. ಆಕೆ ಎರಡು ಮಾತು ಆಡುವಷ್ಟರಲ್ಲಿ ಗಂಟಲು ಕಟ್ಟಿತು. ಕತ್ತಿನ ತುಂಬ ಹಚ್ಚೆಯಿದ್ದ ಗಂಡಸರು ಸುತ್ತ ನಿಂತು ಆಕೆಯ ಹೆಗಲ ಮೇಲೆ ಕೈಯಿಟ್ಟರು.

ಈ ಕೆಲಸ ಹುಟ್ಟಿದ್ದು ನದಿಯಾಚೆಯ ಬಾಯ್ಲ್ ಹೈಟ್ಸ್ ಬಡಾವಣೆಯ ಡೊಲೊರೆಸ್ ಮಿಷನ್ ಎಂಬ ಚಿಕ್ಕ ಚರ್ಚಿನಲ್ಲಿ. ಯೇಸುಸಭೆಯ ಫಾದರ್ ಗ್ರೆಗ್ ಬಾಯ್ಲ್ 1986ರಲ್ಲಿ ಅಲ್ಲಿಗೆ ಪಾದ್ರಿಯಾಗಿ ಬಂದಾಗ ಅವರಿಗೆ ಮೂವತ್ತೆರಡರ ವಯಸ್ಸು. ಪಿಕೊ ಗಾರ್ಡನ್ಸ್, ಅಲಿಸೊ ವಿಲೇಜ್ ಎಂಬ ಎರಡು ಸರ್ಕಾರಿ ವಸತಿ ಸಮುಚ್ಚಯಗಳು ಅವರ ಧರ್ಮಕೇಂದ್ರಕ್ಕೆ ಸೇರಿದ್ದವು. ಅಷ್ಟರೊಳಗೇ ಹಲವು ಗ್ಯಾಂಗುಗಳು, ಅವುಗಳ ನಡುವೆ ದಿನವೂ ಗುಂಡಿನ ಕಾಳಗ. ಬಾಯ್ಲ್ ಹುಡುಗರ ಶವಸಂಸ್ಕಾರ ಮಾಡತೊಡಗಿದರು. ಆ ಸಂಖ್ಯೆ ಮುಂದೆ ಇನ್ನೂರನ್ನು ದಾಟಿತು. 1988ರಲ್ಲಿ, ಶಾಲೆಗಳು ಹೊರಹಾಕಿದ ಹುಡುಗರಿಗಾಗಿ ಚರ್ಚಿನವರು ಒಂದು ಶಾಲೆ ತೆರೆದರು. ಧರ್ಮಕೇಂದ್ರದ ಹೆಂಗಸರು ಸುತ್ತಲಿನ ಕಾರ್ಖಾನೆಗಳಿಗೆ ಮೆರವಣಿಗೆಯಲ್ಲಿ ಹೋಗಿ, ನಮ್ಮ ಹುಡುಗರಿಗೆ ಕೆಲಸ ಕೊಡಿ ಎಂದು ಕೇಳಿದರು. ಕೊಡುವವರು ಕಡಿಮೆಯಾದಾಗ ತಾವೇ ಕೆಲಸ ಹುಟ್ಟಿಸಿದರು. 1992ರಲ್ಲಿ, ಆ ನಗರದಲ್ಲಿ ಕೊಲೆಗಳ ಸಂಖ್ಯೆ ಸಾವಿರ ದಾಟಿದ ವರ್ಷ, ಚಿತ್ರನಿರ್ಮಾಪಕ ರೇ ಸ್ಟಾರ್ಕ್ ಕೊಟ್ಟ ಹಣದಿಂದ ಚರ್ಚಿನೆದುರಿನ ಹಳೆಯ ಬೇಕರಿಯೊಂದನ್ನು ಕೊಂಡರು. ಪರಸ್ಪರರ ಮೇಲೆ ಗುಂಡು ಹಾರಿಸಿದ್ದ ಹುಡುಗರನ್ನು ಒಂದೇ ಒಲೆಯ ಮುಂದೆ ನಿಲ್ಲಿಸಿದರು.

ನಮಗೆ ಕಟ್ಟಡ ತೋರಿಸಿದ ಯುವಕ ಅಲ್ಲಿ ತರಬೇತಿಯಲ್ಲಿದ್ದವನು. ಒಂದು ಹುಬ್ಬಿನ ಮೇಲೆ ಅರ್ಧ ಮಾಸಿದ ಅಕ್ಷರಗಳಿದ್ದವು. ಹಚ್ಚೆ ತೆಗೆಯುವ ಕೋಣೆಯ ಮುಂದೆ ನಿಲ್ಲಿಸಿ, ಲೇಸರ್ ತಾಗಿದಾಗ ಹೇಗಾಗುತ್ತದೆಂದು ವಿವರಿಸಿದ: ಕುದಿಯುವ ಎಣ್ಣೆ ಚರ್ಮಕ್ಕೆ ಸಿಡಿದಂತೆ. ಒಂದೇ ಸಲಕ್ಕೆ ಹೋಗುವುದಿಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಹತ್ತು ಸಲವಾದರೂ ಬರಬೇಕು. ವೈದ್ಯರು ಸ್ವಯಂಸೇವಕರು, ಹಣವಿಲ್ಲ. ಮುಖದ ಮೇಲೆ ಗ್ಯಾಂಗಿನ ಹೆಸರಿದ್ದವನಿಗೆ ಯಾವ ಅಂಗಡಿಯೂ ಕೆಲಸ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವನ ಮಗು ಅಕ್ಷರ ಕಲಿತ ದಿನ ಅದನ್ನು ಓದುತ್ತದೆ. ಇದನ್ನು ಹೇಳುವಾಗ ಆ ಯುವಕ ತನ್ನ ಹುಬ್ಬು ಮುಟ್ಟಿಕೊಂಡ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ.

ತರಬೇತಿ ಸುಮಾರು ಹದಿನೆಂಟು ತಿಂಗಳದು. ಸಂಬಳ ಕೊಡುತ್ತಾರೆ. ಬ್ರೆಡ್ ಮಾಡುವುದು, ನೆಲ ಒರೆಸುವುದು, ಮೇಜು ಸಜ್ಜು ಮಾಡುವುದು ಒಂದು ಭಾಗ. ಮನೋವೈದ್ಯರ ಜೊತೆ ಮಾತು, ಕುಡಿತ ಬಿಟ್ಟವರ ಗುಂಪು, ಸಿಟ್ಟು ತಡೆಯುವ ತರಗತಿ, ಮಕ್ಕಳನ್ನು ಬೆಳೆಸುವ ತರಗತಿ, ಬಿಟ್ಟ ಓದು ಮುಗಿಸುವುದು ಇನ್ನೊಂದು ಭಾಗ. ಎರಡಕ್ಕೂ ಒಂದೇ ಸಂಬಳ. ಮೊದಮೊದಲು ಅವರು ನಂಬಿದ್ದು ಕೆಲಸವೊಂದಿದ್ದರೆ ಗುಂಡು ನಿಲ್ಲುತ್ತದೆ ಎಂದು. ಅಂಗಿಯ ಮೇಲೆ ಆ ಅರ್ಥದ ಘೋಷಣೆ ಅಚ್ಚು ಹಾಕಿಸಿದ್ದರು. ಕೆಲಸ ಸಿಕ್ಕ ಹುಡುಗರು ಕೆಲಸವಿದ್ದೂ ಮತ್ತೆ ಜೈಲಿಗೆ ಹೋದದ್ದನ್ನು ಕಂಡ ಮೇಲೆ, ಒಳಗಿನ ಗಾಯಕ್ಕೆ ಮದ್ದಿಲ್ಲದೆ ಕೈಗೆ ಕೆಲಸ ಕೊಟ್ಟರೆ ಸಾಲದೆಂದು ಬಾಯ್ಲ್ ಕಂಡುಕೊಂಡರು. ಅದನ್ನು ತಮ್ಮ ಭಾಷಣಗಳಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. 1999ರಲ್ಲಿ ಹಳೆಯ ಬೇಕರಿಗೆ ಬೆಂಕಿ ಬಿತ್ತು. 2010ರಲ್ಲಿ ಹಣ ಮುಗಿದು, ಸುಮಾರು ಮುನ್ನೂರು ಜನರನ್ನು ಕೆಲಸದಿಂದ ಬಿಡಬೇಕಾಯಿತು. ಆಗಲೂ ಹಿರಿಯ ಸಿಬ್ಬಂದಿ ಹಲವರು ಸಂಬಳವಿಲ್ಲದೆ ಬಂದರು. 2024ರಲ್ಲಿ ಬಾಯ್ಲ್ ಅವರಿಗೆ ಅಮೆರಿಕದ ಅಧ್ಯಕ್ಷರು ಕೊಡುವ ಅತ್ಯುನ್ನತ ನಾಗರಿಕ ಪದಕ ಸಿಕ್ಕಿತು. ಆ ಕಟ್ಟಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪದಕದ ಸುದ್ದಿಗಿಂತ ಯುವಕ ಆಡಿದ ಒಂದು ಮಾತು. ಮೊದಲ ತಿಂಗಳು ಒಂದು ದಿನ ಅವನು ಕೆಲಸಕ್ಕೆ ಬರಲಿಲ್ಲವಂತೆ. ಮರುದಿನ ಬೈಗಳನ್ನು ನಿರೀಕ್ಷಿಸಿ ಬಂದಾಗ, ಹಿಂದೆ ಅವನು ಕೊಲ್ಲಬೇಕೆಂದಿದ್ದ ಗ್ಯಾಂಗಿನವನೊಬ್ಬ ಹಿಟ್ಟಿನ ಕೈಯಲ್ಲೇ ಬಂದು, "ನಿನ್ನೆ ಎಲ್ಲಿ ಹೋಗಿದ್ದೆ, ಹುಡುಕಿದೆ" ಎಂದನಂತೆ. ಹದಿಮೂರನೇ ವಯಸ್ಸಿನಿಂದ ತನ್ನನ್ನು ಹುಡುಕಿದವರು ಪೊಲೀಸರು ಮಾತ್ರ ಎಂದ ಅವನು.

ಒಬ್ಬ ಮನುಷ್ಯನ ಬದುಕು ತಿರುಗುವುದು ಇಲ್ಲಿ ಎಂದು ನನಗೆ ಅನಿಸುತ್ತದೆ. ತಾನು ಬರದಿದ್ದರೆ ಯಾರಿಗೋ ಗೊತ್ತಾಗುತ್ತದೆ ಎಂಬ ಅರಿವು ಅವನಿಗೆ ಬೇಕು. ಕ್ರೈಸ್ತರು ಶಿಷ್ಯತ್ವ ಎನ್ನುವುದನ್ನು ಬೈಬಲ್ ಪಾಠ, ಪ್ರಾರ್ಥನೆ, ದೀಕ್ಷಾಸ್ನಾನ ಎಂದು ಲೆಕ್ಕ ಹಾಕುವವರಿದ್ದಾರೆ. ಅವುಗಳಿಗೆ ಅವುಗಳ ಬೆಲೆಯಿದೆ. ಆದರೆ ಯೇಸುವಿನ ಶಿಷ್ಯರು ಅವನ ಜೊತೆ ಉಂಡರು, ನಡೆದರು, ಮೀನು ಹಿಡಿದರು, ಜಗಳವಾಡಿದರು. ಹನ್ನೆರಡರಲ್ಲಿ ಒಬ್ಬ ಕಾಣದಿದ್ದರೆ ಉಳಿದವರಿಗೆ ತಿಳಿಯುತ್ತಿತ್ತು. ಹಾಗೆ ತಿಳಿಯುವಷ್ಟು ಚಿಕ್ಕ ಬಳಗ, ಹಾಗೆ ತಿಳಿಯುವಷ್ಟು ದೀರ್ಘ ಕಾಲ, ಈ ಎರಡನ್ನೂ ಕೊಡಲು ಸಾಧ್ಯವಾದ ಕಡೆಗಳಲ್ಲಿ ಜನ ಎದ್ದು ನಿಲ್ಲುವುದನ್ನು ನಾನು ಕಂಡೆ. ಕೊಡಲಾಗದ ಕಡೆ ಎಷ್ಟೇ ಸದುದ್ದೇಶವಿದ್ದರೂ ಸಾಲು ಉದ್ದವಾಗುತ್ತಲೇ ಹೋಗುತ್ತದೆ.

ನಮ್ಮಲ್ಲಿ ಕ್ರೈಸ್ತ ಸೇವೆ ಎಂದ ಕೂಡಲೇ ಮತಾಂತರದ ಪ್ರಶ್ನೆ ಬರುತ್ತದೆ. ಕಾರಿನಲ್ಲಿ ನನ್ನ ಜೊತೆಗಾರನೂ ಅದನ್ನೇ ಕೇಳಿದ. ಊಟ, ಕೆಲಸ ಕೊಟ್ಟು ಒಳಗೆ ಸೇರಿಸಿಕೊಳ್ಳುವುದಲ್ಲವೇ ಇದು? ನ್ಯಾಯವಾದ ಪ್ರಶ್ನೆ. ಹಸಿದವನ ಮುಂದೆ ಅನ್ನವಿಟ್ಟು ನಂಬಿಕೆಯನ್ನು ಕೇಳುವುದು ಎಲ್ಲಿ ನಡೆದರೂ ತಪ್ಪು. ಆದರೆ ಹೋಮ್‌ಬಾಯ್‌ನಲ್ಲಿ ಆ ಪ್ರಶ್ನೆಗೆ ಕಾಲೂರಲು ಜಾಗವಿರಲಿಲ್ಲ. ಇಲ್ಲಿನ ಬಹಳ ಹುಡುಗರು ಹುಟ್ಟಾ ಕ್ಯಾಥೊಲಿಕರು. ಗ್ವಾದಲೂಪೆಯ ಮರಿಯಮಾತೆಯನ್ನು ಬೆನ್ನ ತುಂಬ ಹಚ್ಚೆ ಹಾಕಿಸಿಕೊಂಡೇ ಅವರು ಗುಂಡು ಹಾರಿಸಿದ್ದು. ಕಪ್ಪು ಹುಡುಗರ ಅಜ್ಜಿಯಂದಿರು ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಹಾಡುವವರು. ಅವರಿಗೆ ಬದಲಿಸಿಕೊಳ್ಳಲು ಬೇರೆ ದೇವರಿಲ್ಲ. ಬದಲಾಗಬೇಕಾದದ್ದು ದೇವರು ತಮ್ಮನ್ನು ಕಸವೆಂದು ಎಣಿಸಿದ್ದಾನೆಂಬ ಅವರ ನಂಬಿಕೆ.

ಬ್ರೂನೊ ಬೀದಿಯಿಂದ ದಕ್ಷಿಣಕ್ಕೆ ನಡೆದೆವು. ಯೂನಿಯನ್ ಸ್ಟೇಷನ್ನಿನ ಎದುರಿಗೆ, ಊರು ಹುಟ್ಟಿದ ಹಳೆಯ ಚೌಕದಲ್ಲಿ ಲಾ ಪ್ಲಾಸೀಟಾ ಎಂದು ಕರೆಯುವ ಚರ್ಚಿದೆ. ಎಲ್ ಸಾಲ್ವಡಾರ್, ಗ್ವಾಟೆಮಾಲಾಗಳ ಯುದ್ಧದಿಂದ ಓಡಿಬಂದವರಿಗೆ 1985ರ ಡಿಸೆಂಬರಿನಲ್ಲಿ ಫಾದರ್ ಲೂಯಿಸ್ ಒಲಿವಾರೆಸ್ ಇದನ್ನು ಅಭಯಸ್ಥಾನವೆಂದು ಸಾರಿದರು. ರಾತ್ರಿ ನೂರಾರು ಜನ ಇಲ್ಲಿ ಮಲಗುತ್ತಿದ್ದರು. ಒಳಗೆ ಒಂದು ಮೇಣದಬತ್ತಿ ಹಚ್ಚಿ ಮುಂದೆ ಹೋದೆವು.

ಪೆಂಟೆಕೋಸ್ಟಲ್ ಸಭೆಗಳ ತವರಾದ ಅಜೂಸಾ ಬೀದಿಯನ್ನು ಲಿಟ್ಲ್ ಟೋಕಿಯೊದಲ್ಲಿ ಹುಡುಕುವುದು ಕಷ್ಟ. ಈಗ ಅದು ಜಪಾನೀ ಸಾಂಸ್ಕೃತಿಕ ಕೇಂದ್ರದ ಪಕ್ಕದ ಚಿಕ್ಕ ಗಲ್ಲಿ. ಒಂದು ಫಲಕವಿದೆ, ಅಷ್ಟೆ. 1906ರ ಏಪ್ರಿಲ್‌ನಲ್ಲಿ ಇಲ್ಲಿದ್ದ ಪಾಳು ಕಟ್ಟಡವೊಂದರಲ್ಲಿ ವಿಲಿಯಂ ಸೇಮೂರ್ ಪ್ರಾರ್ಥನಾಕೂಟ ಶುರುಮಾಡಿದರು. ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಯ ಮಗ. ಸಿಡುಬಿನಿಂದ ಒಂದು ಕಣ್ಣು ಹೋಗಿತ್ತು. ಕಟ್ಟಡ ಮೊದಲು ಕಪ್ಪುಜನರ ಚರ್ಚಾಗಿತ್ತು, ಆಮೇಲೆ ಕುದುರೆಲಾಯವಾಗಿತ್ತು. ಅಲ್ಲಿಗೆ ಮನೆಗೆಲಸದವರು, ಬಟ್ಟೆ ಒಗೆಯುವವರು, ಮೆಕ್ಸಿಕೊದ ಕೂಲಿಗಳು, ಬಿಳಿಯರು, ಕರಿಯರು ಒಟ್ಟಿಗೆ ಬಂದು ಮಂಡಿಯೂರಿದರು. ರೈಲು, ಶಾಲೆ, ಸ್ಮಶಾನಗಳಲ್ಲೂ ಬಣ್ಣ ನೋಡುತ್ತಿದ್ದ ದೇಶದಲ್ಲಿ ಇದು ಹಗರಣವೇ ಆಯಿತು, ಪತ್ರಿಕೆಗಳು ಲೇವಡಿ ಮಾಡಿದವು. ಕಟ್ಟಡವನ್ನು 1931ರಲ್ಲಿ ಕೆಡವಿದರು. ಅಷ್ಟರೊಳಗೆ ಅದರ ಬೆಂಕಿ ಖಂಡಖಂಡಗಳಿಗೆ ಹಬ್ಬಿತ್ತು. ಬೆಂಗಳೂರಿನ ಬಡಾವಣೆಗಳಲ್ಲಿ ಭಾನುವಾರ ಬೆಳಗ್ಗೆ ಶಟರ್ ಎತ್ತಿದ ಅಂಗಡಿಮನೆಗಳಿಂದ, ತಗಡಿನ ಷೆಡ್ಡುಗಳಿಂದ ಕೇಳುವ ಕೈಚಪ್ಪಾಳೆಯ ಹಾಡಿಗೂ ಈ ಗಲ್ಲಿಗೂ ನಂಟಿದೆ.

ಆದರೆ ಪೆಂಟೆಕೋಸ್ಟಲ್ ಸಭೆಗಳಿಗೆ ಅಜೂಸಾ ಬೀದಿಯೊಂದೇ ಮೂಲವೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ, ಅದಕ್ಕೆ ಕಾರಣ ಪಂಡಿತಾ ರಮಾಬಾಯಿ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ನಮ್ಮ ಗಂಗಾಮೂಲದ ಕಾಡಿನ ಆಶ್ರಮದಲ್ಲಿ 1858ರಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಊರವರ ವಿರೋಧ ಕಟ್ಟಿಕೊಂಡವರು. ಮುಂದೆ ಕ್ರೈಸ್ತರಾದ ರಮಾಬಾಯಿ ಅಮೆರಿಕವನ್ನು ಸುತ್ತಿ, 1889ರಲ್ಲಿ ಆ ದೇಶದ ಬಗ್ಗೆ ಮರಾಠಿಯಲ್ಲಿ ಪ್ರವಾಸ ಕಥನ ಪ್ರಕಟಿಸಿದರು. ಬರಗಾಲದಲ್ಲಿ ಬೀದಿಗೆ ಬಿದ್ದ ವಿಧವೆಯರನ್ನು, ಹೆಣ್ಣುಮಕ್ಕಳನ್ನು ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಸದನಕ್ಕೆ ಕರೆತಂದು ಓದು, ನೇಯ್ಗೆ, ಮುದ್ರಣ, ಹೈನುಗಾರಿಕೆ ಕಲಿಸಿದರು. ಅಲ್ಲಿನ ಹುಡುಗಿಯರ ನಡುವೆ ಇಂಥದೇ ಪವಿತ್ರಾತ್ಮದ ಪ್ರಾರ್ಥನೆ ಹೊತ್ತಿಕೊಂಡದ್ದು 1905ರಲ್ಲಿ, ಅಜೂಸಾಗಿಂತ ಮುಂಚೆ. ನೆಲೆ ಕಳೆದುಕೊಂಡವರ ಬಾಯಿಂದಲೇ ದೇವರ ಮಾತು ಬರಬಹುದೆಂಬ ಧೈರ್ಯ ಎರಡೂ ಕಡೆಯಲ್ಲಿತ್ತು. ಓದಿದ ಪಾದ್ರಿಯ ಪ್ರಸಂಗಕ್ಕಿಂತ ಎದ್ದು ನಿಂತು ತನ್ನ ಬದುಕನ್ನೇ ಹೇಳುವವನ ಸಾಕ್ಷಿ ದೊಡ್ಡದೆಂಬ ವಾಡಿಕೆಗೆ ಬಲ ಬಂದದ್ದು ಇಂಥ ಕೂಟಗಳಿಂದ.

ಈ ಸಾಕ್ಷಿಯ ವಿಷಯದಲ್ಲಿ ನನಗೊಂದು ಅಳುಕಿದೆ. ಮೊದಲ ಸಲ ತನ್ನ ಕಥೆಯನ್ನು ಹತ್ತು ಜನರ ಮುಂದೆ ಹೇಳುವವನಿಗೆ ಅದು ನಿಜಕ್ಕೂ ಬಿಡುಗಡೆ. ಐವತ್ತನೆಯ ಸಲ, ದಾನಿಗಳ ಭೋಜನಕೂಟದಲ್ಲಿ ಮೈಕ್ ಹಿಡಿದು ಅದನ್ನೇ ಹೇಳಿಸಿದರೆ ಅವನು ತನ್ನ ಅಪರಾಧಕ್ಕೇ ಮತ್ತೆ ಕಟ್ಟುಬೀಳುತ್ತಾನೆ. ಜೈಲು ಕಂಡವನಿಗೆ ಜೈಲಿನ ಮಾತಿಲ್ಲದೆಯೂ ಒಂದು ಸಂಜೆ ಕಳೆಯುವ ಹಕ್ಕಿರಬೇಕು. ಹೋಮ್‌ಬಾಯ್‌ನ ಯುವಕ ನಮ್ಮ ಜೊತೆ ಅರ್ಧ ಹೊತ್ತು ಮಾತಾಡಿದ್ದು ಹುಳಿಹಿಟ್ಟಿನ ಬ್ರೆಡ್ಡಿನ ಬಗ್ಗೆ. ಅದು ನನಗೆ ಬಹಳ ಹಿಡಿಸಿತು.

ಸ್ಕಿಡ್ ರೋ ಶುರುವಾಗುವುದು ಒಂದು ಗೆರೆ ಎಳೆದಂತೆ. ಹೂವಿನ ಅಂಗಡಿ, ಕಾಫಿ ಹೋಟೆಲು ಮುಗಿದು ಒಂದು ರಸ್ತೆ ದಾಟಿದರೆ ಕಾಲುದಾರಿಯುದ್ದಕ್ಕೂ ಟೆಂಟುಗಳು, ಟಾರ್ಪಾಲಿನ್, ಸೂಪರ್‌ಮಾರ್ಕೆಟ್ಟಿನ ಟ್ರಾಲಿಗಳು. ಸುಮಾರು ಐವತ್ತು ಬ್ಲಾಕುಗಳ ಈ ಪ್ರದೇಶ ತಾನಾಗಿ ಹೀಗಾದದ್ದಲ್ಲ. ರೈಲುದಾರಿಯ ಬದಿಯ ಅಗ್ಗದ ಹೋಟೆಲುಗಳಲ್ಲಿ ಋತುಮಾನದ ಕೂಲಿಗಳು ತಂಗುತ್ತಿದ್ದ ಕಾಲ ಹೋದ ಮೇಲೆ, 1976ರಲ್ಲಿ ನಗರಾಡಳಿತ ಒಂದು ನೀತಿ ಮಾಡಿತು: ಬಡವರ ಸೇವಾಸಂಸ್ಥೆಗಳೆಲ್ಲ ಇಲ್ಲೇ ಇರಲಿ, ಜನ ಈ ಎಲ್ಲೆಯೊಳಗೇ ಉಳಿಯಲಿ. ಉಳಿದರು. 2017ರ ಒಂದು ಸಮೀಕ್ಷೆಯ ಪ್ರಕಾರ ಇಲ್ಲಿ ರಾತ್ರಿ ಬಯಲಲ್ಲಿ ಮಲಗುವ 1,777 ಜನರಿಗೆ ಇದ್ದದ್ದು ಒಂಬತ್ತು ಶೌಚಾಲಯ. ಇಡೀ ಕೌಂಟಿಯಲ್ಲಿ ಮನೆಯಿಲ್ಲದವರು 2024ರ ಎಣಿಕೆಯಲ್ಲಿ 75,312. ಕೌಂಟಿಯ ಜನಸಂಖ್ಯೆಯಲ್ಲಿ ಕಪ್ಪುಜನ ನೂರಕ್ಕೆ ಎಂಟೊಂಬತ್ತು, ಮನೆಯಿಲ್ಲದವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಜೈಲಿನ ಲೆಕ್ಕವನ್ನೂ ಇದರ ಪಕ್ಕಕ್ಕಿಟ್ಟರೆ ಬೋಶೇ ಬೀದಿಯಿಂದ ಇಲ್ಲಿಗೆ ಬರುವ ದಾರಿ ಯಾರ ಕಾಲಡಿಯಲ್ಲಿ ಸವೆದಿದೆಯೆಂದು ತಿಳಿಯುತ್ತದೆ.

ನನ್ನ ಜೊತೆಗಾರ ಮಾತು ನಿಲ್ಲಿಸಿದ್ದ. ಗಾಲಿಕುರ್ಚಿಯಲ್ಲಿದ್ದ ಮುದುಕಿಯೊಬ್ಬಳು ಅವನನ್ನು ನಿಲ್ಲಿಸಿ, ತನ್ನ ಟೆಂಟಿನ ಹಗ್ಗ ಬಿಗಿದುಕೊಡಲು ಕೇಳಿದಳು. ಅವನು ಮಂಡಿಯೂರಿ ಕೂತು ಬಿಗಿದುಕೊಟ್ಟ. ಆಕೆ ಅವನಿಗೆ ಆಶೀರ್ವಾದ ಮಾಡಿ, ಎಚ್ಚರಿಕೆಯಿಂದ ಮನೆ ಸೇರು ಎಂದಳು.

ಸ್ಯಾನ್ ಪೆಡ್ರೊ ಬೀದಿಯಲ್ಲಿ ಯೂನಿಯನ್ ರೆಸ್ಕ್ಯೂ ಮಿಷನ್ನಿನ ದೊಡ್ಡ ಕಟ್ಟಡವಿದೆ. ತೈಲ ಕಂಪನಿಯ ಒಡೆಯರಾಗಿದ್ದ ಲೈಮನ್ ಸ್ಟೂವರ್ಟ್ 1891ರಲ್ಲಿ ಶುರುಮಾಡಿದ ಕೆಲಸ. ಆಗ ಕುದುರೆಗಾಡಿಗಳಲ್ಲಿ ಬೀದಿ ಬೀದಿಗೆ ಹೋಗಿ ಊಟ, ಬಟ್ಟೆ, ಸುವಾರ್ತೆ ಹಂಚುತ್ತಿದ್ದರು. ಈಗ ಗಂಡಸರಿಗೆ, ಹೆಂಗಸರಿಗೆ, ಮಕ್ಕಳಿರುವ ಕುಟುಂಬಗಳಿಗೆ ಬೇರೆ ಬೇರೆ ಮಹಡಿಗಳು. ಅಲ್ಲಿಯೇ ಉಳಿದು ವರ್ಷದವರೆಗೆ ನಡೆಯುವ ಶಿಷ್ಯತ್ವದ ಕಾರ್ಯಕ್ರಮವಿದೆ: ಬೈಬಲ್ ಅಧ್ಯಯನ, ಕೆಲಸ, ಸಮಾಲೋಚನೆ, ಓದು. 2005ರಿಂದ ಹಲವು ವರ್ಷ ಇದನ್ನು ನಡೆಸಿದ ಆ್ಯಂಡಿ ಬೇಲ್ಸ್ ಮಧುಮೇಹಿ. ಕಾಲಿನ ಹುಣ್ಣಿಗೆ ಈ ಬೀದಿಯ ಕೊಳಕಿನಿಂದ ಸೋಂಕು ತಗಲಿ ಕಾಲನ್ನು ಕತ್ತರಿಸಬೇಕಾಯಿತು. ಆಮೇಲೆ ಗಾಲಿಕುರ್ಚಿಯಲ್ಲಿ ಮತ್ತೆ ಇದೇ ಬೀದಿಗೆ ಬಂದರು. ಸಿದ್ಧಾಂತದಲ್ಲಿ ನಾನು ಅವರ ಜೊತೆ ಎಲ್ಲವನ್ನೂ ಒಪ್ಪಲಾರೆ. ಆದರೆ ತಾನು ಸೇವೆ ಮಾಡಿದವರ ರೋಗ ತನಗೂ ಅಂಟುವಷ್ಟು ಹತ್ತಿರ ನಿಂತವರು ಅವರು.

ಒಪ್ಪದಿರುವುದು ಯಾವುದೆಂದರೆ, ಹಳೆಯ ರೆಸ್ಕ್ಯೂ ಮಿಷನ್‌ಗಳ ಪರಂಪರೆಯಲ್ಲಿದ್ದ, ಪ್ರಸಂಗ ಕೇಳಿದ ಮೇಲೆ ಊಟವೆಂಬ ಪದ್ಧತಿ. ಜಾರ್ಜ್ ಆರ್ವೆಲ್ ಲಂಡನ್ನಿನ ನಿರ್ಗತಿಕರ ನಡುವೆ ಬದುಕಿ 1933ರಲ್ಲಿ ಬರೆದ ಪುಸ್ತಕದಲ್ಲಿ, ಬಿಟ್ಟಿ ಚಹಾದ ಋಣಕ್ಕೆ ಪ್ರಾರ್ಥನೆಗೆ ಕೂರಬೇಕಾದವರು ಚರ್ಚಿನೊಳಗೇ ಗಲಾಟೆ ಎಬ್ಬಿಸುವ ಸನ್ನಿವೇಶವಿದೆ. ಬಲವಂತದ ಕೃತಜ್ಞತೆ ಹಾಗೇ ಆಗುವುದು. ಅನೇಕ ಕಡೆ ಈ ಪದ್ಧತಿ ಸಡಿಲವಾಗಿದೆ. ಇರುವ ಕಡೆಯೂ ಅದನ್ನು ನಡೆಸುವವರು ಕೆಟ್ಟವರೆಂದು ನಾನು ಹೇಳುವುದಿಲ್ಲ; ತಮ್ಮನ್ನು ಕಾಪಾಡಿದ ಮಾತನ್ನು ಇನ್ನೊಬ್ಬರಿಗೂ ತಲುಪಿಸುವ ಆತುರ ಅವರದು. ಆದರೂ ಊಟಕ್ಕೆ ಬೆಲೆ ಕಟ್ಟಿದ ಕ್ಷಣ ಅದು ವ್ಯಾಪಾರ.

ಆರನೆಯ ಬೀದಿಯಲ್ಲಿ ಲಾಸ್ ಏಂಜಲೀಸ್ ಕ್ಯಾಥೊಲಿಕ್ ವರ್ಕರ್ ಬಳಗದ ಅಡುಗೆಮನೆಯಿದೆ. ಹಿಪ್ಪಿ ಕಿಚನ್ ಎಂದೇ ಜನ ಕರೆಯುತ್ತಾರೆ. ಡಾರತಿ ಡೇ ಮತ್ತು ಪೀಟರ್ ಮೋರಿನ್ 1933ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಚಳವಳಿಯ ಈ ಶಾಖೆ 1970ರಲ್ಲಿ ಹುಟ್ಟಿತು. ಸರ್ಕಾರದ ಹಣ ಮುಟ್ಟುವುದಿಲ್ಲ. ಯುದ್ಧದ ವಿರುದ್ಧ ಪ್ರತಿಭಟಿಸಿ ಬಳಗದವರು ಎಷ್ಟೋ ಸಲ ತಾವೇ ಜೈಲಿಗೆ ಹೋಗಿದ್ದಾರೆ. ಒಳಗೆ ಮರಗಿಡಗಳ ಅಂಗಳ, ನೆರಳಿನಲ್ಲಿ ಮೇಜುಗಳು. ಬೇಯಿಸಿದ ಕಾಳು, ಹಸಿ ತರಕಾರಿ, ಬ್ರೆಡ್. ಹೆಸರು ಕೇಳುವುದಿಲ್ಲ, ಪ್ರಸಂಗವಿಲ್ಲ, ಕೈಯೊಡ್ಡಿದವರಿಗೆ ಬಡಿಸುತ್ತಾರೆ. ಸಿದ್ಧಗಂಗೆಯ ದಾಸೋಹ ಕಂಡವರಿಗೆ ಇದು ಹೊಸದಲ್ಲ. ಟ್ರಾಲಿ ಇಟ್ಟುಕೊಂಡಿದ್ದಕ್ಕೆ ಪೊಲೀಸರು ಕಳವಿನ ಕೇಸು ಹಾಕತೊಡಗಿದಾಗ, ಈ ಬಳಗದವರು ಹೊಸ ಟ್ರಾಲಿಗಳನ್ನೇ ಕೊಂಡು, ಇದು ನಮ್ಮದು ಎಂದು ಫಲಕ ಹಚ್ಚಿ ಜನರಿಗೆ ಹಂಚಿದರು. ಬೀದಿಯಲ್ಲಿರುವವನ ಸರ್ವಸ್ವ ಆ ಟ್ರಾಲಿಯಲ್ಲಿರುತ್ತದೆ. ಅದನ್ನು ಉಳಿಸಿಕೊಟ್ಟದ್ದು ನನ್ನ ಲೆಕ್ಕದಲ್ಲಿ ಒಳ್ಳೆಯ ಪ್ರಸಂಗಕ್ಕೆ ಸಮ.

ಕಾನೂನಿನ ಗಾಳಿ ಈಗ ಎದುರಾಗಿ ಬೀಸುತ್ತಿದೆ. ಮಲಗಲು ಬೇರೆ ಜಾಗವಿಲ್ಲದಿದ್ದಾಗ ಬೀದಿಯಲ್ಲಿ ಮಲಗಿದ್ದಕ್ಕೆ ಶಿಕ್ಷಿಸಬಾರದೆಂದು 2006ರಲ್ಲಿ ಇದೇ ಸ್ಕಿಡ್ ರೋದ ಜನರ ಮೊಕದ್ದಮೆಯಲ್ಲಿ ತೀರ್ಪು ಬಂದಿತ್ತು. ಮರುವರ್ಷದ ರಾಜಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಕಾಲುದಾರಿಯಲ್ಲಿ ಮಲಗಲು ಬಿಟ್ಟರು. 2024ರ ಜೂನ್‌ನಲ್ಲಿ ಆರೆಗಾನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬಯಲಲ್ಲಿ ಮಲಗಿದವರಿಗೆ ದಂಡ ಹಾಕಲು ಊರುಗಳಿಗೆ ಅಡ್ಡಿಯಿಲ್ಲವೆಂದಿತು. ದಂಡ ಕಟ್ಟಲಾಗದವನು ಜೈಲಿಗೆ, ಜೈಲಿನಿಂದ ಮತ್ತೆ ಬೀದಿಗೆ. ಬಾಯ್ಲ್, ಬೇಲ್ಸ್, ಕ್ಯಾಥೊಲಿಕ್ ವರ್ಕರ್ ಎಲ್ಲರೂ ಸೇರಿ ಎಳೆದರೂ ಈ ಸುತ್ತನ್ನು ಬಿಡಿಸಲಾರರು. ಮನೆ ಕಟ್ಟುವುದು ಸರ್ಕಾರದ ಕೆಲಸ, ಅದನ್ನು ಸೇವೆಯ ಹೆಗಲಿಗೆ ಹೊರಿಸಿ ಕೈತೊಳೆಯುವುದು ಅನ್ಯಾಯ.

ಸಂಜೆ ಲಿಟ್ಲ್ ಟೋಕಿಯೊದಿಂದ ರೈಲು ಹತ್ತಿ, ನದಿಯ ಸೇತುವೆ ದಾಟಿ ಮುಂದಿನ ಸ್ಟಾಪಿನಲ್ಲಿ ಇಳಿದೆವು. ಡೊಲೊರೆಸ್ ಮಿಷನ್ ಅಲ್ಲಿಂದ ಹತ್ತಿರ. ನಮ್ಮ ಕಡೆಯ ಹಳ್ಳಿ ಶಾಲೆಯಷ್ಟೇ ದೊಡ್ಡದಿರಬಹುದು. ಹುಡುಗರ ಶಾಲೆ ಆರಂಭವಾದ 1988ರ ಹೊತ್ತಿಗೇ ಇಲ್ಲಿ ಇನ್ನೊಂದು ಕೆಲಸವೂ ಶುರುವಾಯಿತು. ಗಡಿ ದಾಟಿ ಬಂದು, ಕೂಲಿ ಹುಡುಕುತ್ತ, ಬಯಲಲ್ಲಿ ಮಲಗುತ್ತಿದ್ದ ಗಂಡಸರಿಗೆ ರಾತ್ರಿ ಚರ್ಚಿನ ಬಾಗಿಲು ತೆರೆದರು. ಬೆಂಚುಗಳ ಮೇಲೆ, ನೆಲದ ಮೇಲೆ ಮಲಗಿದರು. ಚರ್ಚಿನ ಗೋಡೆಯ ಮೇಲೆ ಯಾರೋ ಅವರನ್ನು ಹಳಿದು ಬರೆದರು. ಗುಡಿಸಿ ಒರೆಸಿದರೂ ಭಾನುವಾರದ ಬಲಿಪೂಜೆಗೆ ಬಂದವರಿಗೆ ಬೆವರಿನ, ಕಾಲಿನ ವಾಸನೆ ಹೊಡೆಯುತ್ತಿತ್ತು. ಕೆಲವರು ಬೇರೆ ಚರ್ಚಿಗೆ ಹೋಗತೊಡಗಿದರು. ಈ ವಾಸನೆಯ ವಿಷಯವನ್ನೇ ಬಾಯ್ಲ್ ಒಂದು ಭಾನುವಾರ ಪ್ರಬೋಧನೆಗೆ ಎತ್ತಿಕೊಂಡದ್ದನ್ನು ಅವರೇ ಬರೆದಿದ್ದಾರೆ. ಗ್ವಾದಲೂಪೆಯ ಮಾತೆಯ ಹೆಸರಿನಲ್ಲಿ ಆ ಆಶ್ರಯದ ಕೆಲಸ ಈಗಲೂ ನಡೆಯುತ್ತಿದೆ.

ಅಂಗಳದಲ್ಲಿ ಸಿಕ್ಕ ಹಿರಿಯ ಹೆಂಗಸೊಬ್ಬರು ಆ ದಿನಗಳನ್ನು ಕಂಡವರು. ಸ್ಪ್ಯಾನಿಷ್ ಮಾತನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಸರದಿಯ ಮೇಲೆ ಅಡುಗೆ ಮಾಡುತ್ತಿದ್ದರಂತೆ, ಒಂದೊಂದು ರಾತ್ರಿ ಒಂದೊಂದು ಮನೆಯವರು. ಅವರ ಮನೆಯಲ್ಲಿ ಆಗ ಐದು ಮಕ್ಕಳು, ಇನ್ನೊಂದು ದೊಡ್ಡ ಪಾತ್ರೆ ಕೊಳ್ಳಲು ಹಣವಿಲ್ಲದೆ ಎರಡು ಸಲ ಬೇಯಿಸಿ ತರುತ್ತಿದ್ದರು. "ಬಂದವರನ್ನೆಲ್ಲ ಗುರುತಿಡಲು ಆಗುತ್ತಿತ್ತೇ?" ಎಂದು ನನ್ನ ಜೊತೆಗಾರ ಕೇಳಿದ. ಮೊದಲ ವಾರ ಆಗಲಿಲ್ಲ, ಆಮೇಲೆ ಯಾರು ಎಲ್ಲಿ ಮಲಗುತ್ತಾರೆಂದು ತಿಳಿಯಿತು ಎಂದರು ಆಕೆ. ಮೂರನೆಯ ಬೆಂಚಿನವನು ಒಂದು ರಾತ್ರಿ ಬರಲಿಲ್ಲ. ಮಾರನೆಯ ರಾತ್ರಿಯೂ ಬರಲಿಲ್ಲ. ಆಕೆ, ಇನ್ನಿಬ್ಬರು ಹೆಂಗಸರು, ಚರ್ಚಿನ ಹೊರಗೆ ಸದಾ ನಿಲ್ಲುತ್ತಿದ್ದ ಗ್ಯಾಂಗಿನ ಒಬ್ಬ ಹುಡುಗ, ನಾಲ್ವರೂ ಟಾರ್ಚು ಹಿಡಿದು ನದಿಯ ಸೇತುವೆಗಳ ಕೆಳಗೆಲ್ಲ ಹುಡುಕಿದರು. ಜ್ವರದಲ್ಲಿ ಬಿದ್ದಿದ್ದವನು ಸಿಕ್ಕಿದ. ಅವನನ್ನು ಬೆನ್ನ ಮೇಲೆ ಹೊತ್ತು ತಂದವನು ಆ ಹುಡುಗ. ಆ ಹುಡುಗ ಮುಂದೆ ಏನಾದ ಎಂದು ಕೇಳಿದೆವು. ಎರಡು ಸಲ ಜೈಲಿಗೆ ಹೋಗಿಬಂದ, ಈಗ ಮಗಳ ಮದುವೆ ಮಾಡಿದ್ದಾನೆ, ಶುಕ್ರವಾರದ ಅಡುಗೆ ಅವನ ಮನೆಯದು ಎಂದರು.